ವೆಂಡರ್ ಕೈ ಕಾಯದೆ ನಮ್ಮ ತಂಡವೇ ಪಿಐಎಂ ನಡೆಸಲು ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ನಿಮ್ಮದು ಕುಕ್ಕರ್, ಪಾತ್ರೆ ತಯಾರಿಸುವ ಕಂಪನಿ. ಪ್ರಾಡಕ್ಟ್ ಮಾಹಿತಿಯೆಲ್ಲ ಒಂದೇ ಕಡೆ ಇರಲಿ ಅಂತ ಅಕೆನಿಯೋ ಅನ್ನುವ ಪಿಐಎಂ (ಪ್ರಾಡಕ್ಟ್ ಮಾಹಿತಿ ನಿರ್ವಹಿಸುವ ಸಾಫ್ಟ್‌ವೇರ್) ಹಾಕಿಸಿದ್ದೀರಿ. ಹಾಕಿಕೊಟ್ಟ ವೆಂಡರ್ ಎರಡು ದಿನ ಟ್ರೈನಿಂಗ್ ಕೊಟ್ಟು ಹೋದರು. ಈಗ ಒಂದು ಹೊಸ ಫೀಲ್ಡ್ ಬೇಕಾದರೂ ಅವರಿಗೆ ಟಿಕೆಟ್ (ಕೆಲಸದ ಕೋರಿಕೆ) ಹಾಕಿ ಕಾಯಬೇಕು. ಕಾಯಲಾಗದೆ ತಂಡದವರು ಮತ್ತೆ ಎಕ್ಸೆಲ್‌ಗೆ ಮರಳಿದ್ದಾರೆ. ಇನ್ನೊಂದು ಸುತ್ತು ಟ್ರೈನಿಂಗ್ ಕೊಡಿಸಬೇಕೋ, ಒಬ್ಬ ಡೆವಲಪರ್‌ನನ್ನು ಸೇರಿಸಿಕೊಳ್ಳಬೇಕೋ?

ಸದ್ಯಕ್ಕೆ ಎರಡೂ ಬೇಡ. ಬೆಂಗಳೂರಿನಲ್ಲಿದ್ದುಕೊಂಡು ಇಂಥ ತಂಡಗಳಿಗೆ ಈ ಸಾಫ್ಟ್‌ವೇರ್ ಕಲಿಸುವುದೇ ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ, ಯಾವ ಬಟನ್ ಎಲ್ಲಿದೆ ಅನ್ನುವುದನ್ನು ಜನ ಬೇಗ ಕಲಿಯುತ್ತಾರೆ. ಅವರನ್ನು ಕಟ್ಟಿಹಾಕುವುದು ಬೇರೆ ಎರಡು ಸಂಗತಿ. ಡೇಟಾವನ್ನು ಯಾಕೆ ಹೀಗೆ ಜೋಡಿಸಿದ್ದಾರೆ ಅಂತ ಕಂಪನಿಯೊಳಗೆ ಯಾರಿಗೂ ಗೊತ್ತಿರುವುದಿಲ್ಲ. ಯಾವ ಮಾಹಿತಿ ಯಾರ ಜವಾಬ್ದಾರಿ ಅಂತಲೂ ಯಾರೂ ತೀರ್ಮಾನ ಮಾಡಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಒಂದು ಕುಕ್ಕರ್ ತೆಗೆದುಕೊಂಡು ಮೀಟಿಂಗ್ ರೂಮಿನ ಮೇಜಿನ ಮೇಲೆ ಇಡಿ. ಕಂಪ್ಯೂಟರ್ ಬೇಡ, ಬೋರ್ಡ್ ಸಾಕು. ಅದರ ಬಗ್ಗೆ ಗಿರಾಕಿಗೆ, ಡೀಲರ್‌ಗೆ, ಅಮೆಜಾನ್‌ಗೆ, ಜಿಎಸ್‌ಟಿ ಬಿಲ್ಲಿಗೆ ಏನೇನು ಬೇಕೋ ಎಲ್ಲ ಬರೆಯಿರಿ. ಎಷ್ಟು ಲೀಟರ್, ಅಲ್ಯೂಮಿನಿಯಮ್ಮೋ ಸ್ಟೀಲೋ, ಮುಚ್ಚಳ ಒಳಗಿನದೋ ಹೊರಗಿನದೋ, ಇಂಡಕ್ಷನ್ ಒಲೆಗೆ ಆಗುತ್ತದೋ ಇಲ್ಲವೋ, ಯಾವ ಗ್ಯಾಸ್ಕೆಟ್ ಹೊಂದುತ್ತದೆ, ಡಬ್ಬಿಯ ತೂಕ, ಬಾರ್‌ಕೋಡ್, ಎಚ್‌ಎಸ್‌ಎನ್ (ಜಿಎಸ್‌ಟಿಗೆ ಮಾಲಿನ ಬಗೆ ಹೇಳುವ ಕೋಡ್), ವಾರಂಟಿ. ಅಕೆನಿಯೋದಲ್ಲಿ ಇವೆಲ್ಲ ಆಟ್ರಿಬ್ಯೂಟ್‌ಗಳು. ಕುಕ್ಕರ್‌ಗೆ ಬೇಕಾದ ಆಟ್ರಿಬ್ಯೂಟ್‌ಗಳ ಗುಂಪೇ ಒಂದು ಫ್ಯಾಮಿಲಿ. ತವಾಗೆ ಮುಚ್ಚಳದ ಪ್ರಶ್ನೆಯೇ ಬರುವುದಿಲ್ಲ, ಅದಕ್ಕೆ ಬೇರೆ ಫ್ಯಾಮಿಲಿ. ಸ್ವಂತ ಮಾಲನ್ನು ಎದುರಿಗೆ ಇಟ್ಟುಕೊಂಡು ನೋಡಿದಾಗ ಇದು ಎಲ್ಲರಿಗೂ ಥಟ್ಟನೆ ಅರ್ಥವಾಗುತ್ತದೆ. ಟ್ರೈನಿಂಗ್‌ನಲ್ಲಿ ಟೀ ಶರ್ಟ್ ಉದಾಹರಣೆ ತೋರಿಸಿದರೆ ಕುಕ್ಕರ್ ಮಾಡುವವರಿಗೆ ಅದು ತಲೆಗೆ ಹತ್ತುವುದಾದರೂ ಹೇಗೆ?

ಆಮೇಲೆ ಪ್ರತಿ ಆಟ್ರಿಬ್ಯೂಟ್‌ಗೂ ಅದು ಯಾವ ಬಗೆಯದು ಅಂತ ಬರೆಯಿರಿ. ಇಲ್ಲಿ ಆತುರ ಬೇಡ. 'ಎಷ್ಟು ಲೀಟರ್' ಅನ್ನುವುದನ್ನು ಸುಮ್ನೆ ಪಠ್ಯವಾಗಿ ಬಿಟ್ಟರೆ ಒಬ್ಬರು '3 ಲೀ' ಅಂತ, ಇನ್ನೊಬ್ಬರು '3 ಲೀಟರ್' ಅಂತ, ಮತ್ತೊಬ್ಬರು '3000 ಎಂಎಲ್' ಅಂತ ತುಂಬುತ್ತಾರೆ. ವೆಬ್‌ಸೈಟಿನಲ್ಲಿ 3 ಲೀಟರ್ ಅಂತ ಫಿಲ್ಟರ್ ಹಾಕಿದ ಗಿರಾಕಿಗೆ ಅರ್ಧದಷ್ಟು ಕುಕ್ಕರ್‌ಗಳು ಕಾಣುವುದೇ ಇಲ್ಲ. ಅದನ್ನು ಅಳತೆಯ ಬಗೆಯಾಗಿ ಮಾಡಿ. ಬಣ್ಣ, ಲೋಹ ಇವಕ್ಕೆಲ್ಲ ಪಟ್ಟಿಯಿಂದ ಆರಿಸುವ ಬಗೆ. ಅಕೆನಿಯೋದಲ್ಲಿ ಒಮ್ಮೆ ಸೇವ್ ಮಾಡಿದ ಆಟ್ರಿಬ್ಯೂಟ್‌ನ ಕೋಡ್ ಆಗಲಿ ಬಗೆ ಆಗಲಿ ಮುಂದೆ ಬದಲಾಯಿಸಲು ಬರುವುದಿಲ್ಲ. ಹೊಸದೊಂದು ಮಾಡಿ ಡೇಟಾವನ್ನೆಲ್ಲ ಅದಕ್ಕೆ ಸಾಗಿಸಬೇಕು. ನಿಮ್ಮ ವೆಂಡರ್ ಈ ಅಧಿಕಾರವನ್ನು ನಿಮಗೆ ಕೊಡದೆ ಇಟ್ಟುಕೊಂಡಿರುವುದಕ್ಕೆ ಬಹುಶಃ ಇದೇ ಕಾರಣ. ಆ ಭಯ ನ್ಯಾಯವಾದದ್ದೇ. ಆದರೆ ಮೊದಲು ಬೋರ್ಡ್ ಮೇಲೆ ತೀರ್ಮಾನಿಸಿ ಆಮೇಲೆ ಸಿಸ್ಟಮ್‌ಗೆ ಹಾಕುವ ಅಭ್ಯಾಸ ಇರುವ ತಂಡಕ್ಕೆ ಆ ಅಧಿಕಾರ ಕೊಡಬಹುದು.

ಇನ್ನು ಜವಾಬ್ದಾರಿ. ಬೋರ್ಡ್ ಮೇಲಿನ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ಇಲಾಖೆ ಬೇಡ, ವ್ಯಕ್ತಿಯ ಹೆಸರೇ ಇರಲಿ. ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ 2021ರ ಫೆಬ್ರವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಹಾಗಾದರೆ ಆ ಗುರುತಿಗೆ ಅನುಮತಿ ಕೊಡುವ ಬಿಐಎಸ್‌ನ ಲೈಸೆನ್ಸ್ ನಂಬರ್ ತುಂಬುವವರು ಯಾರು? ಕ್ವಾಲಿಟಿಯವರು. ಎಚ್‌ಎಸ್‌ಎನ್ ಮತ್ತು ತೆರಿಗೆ ದರ ಅಕೌಂಟ್ಸ್‌ನವರದು. ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ಯಾವ ದೇಶದಲ್ಲಿ ತಯಾರಾದದ್ದು ಅನ್ನುವಂಥವನ್ನು ಲೀಗಲ್ ಮೆಟ್ರಾಲಜಿ (ಅಳತೆ, ತೂಕದ ಕಾನೂನು) ನಿಯಮದ ಪ್ರಕಾರ ಆನ್‌ಲೈನ್ ಮಾರಾಟದ ಪುಟದಲ್ಲೂ ತೋರಿಸಬೇಕು. ಅದನ್ನು ನೋಡಿಕೊಳ್ಳುವವರು ಬೇಕು. ಕನ್ನಡದ ವಿವರಣೆ ಹಾಕುತ್ತೀರಾದರೆ, ಕನ್ನಡ ಓದಿ ಸಂತೋಷಪಡುವ ಒಬ್ಬರಿಗೆ ಅದನ್ನು ವಹಿಸಿ. ಮಿಷನ್ ಅನುವಾದ ಅಂಟಿಸಿ ಕೈ ತೊಳೆದುಕೊಳ್ಳುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೊಳ್ಳುವವರಿಗೆ ಅದು ಎದ್ದು ಕಾಣುತ್ತದೆ.

ತಂಡವೇ ಸ್ವಂತವಾಗಿ ನಡೆಸುವುದು ಯಾಕೆ ಮುಖ್ಯ ಅಂತ ಮ್ಯಾನೇಜ್‌ಮೆಂಟ್ ಕೇಳಿದರೆ 2025ರ ಸೆಪ್ಟೆಂಬರ್ 22 ನೆನಪಿಸಿ. ಆ ದಿನದಿಂದ ಜಿಎಸ್‌ಟಿ ದರ ಬದಲಾಯಿತು. ಅಡುಗೆ ಪಾತ್ರೆಗಳು ಶೇ 12ರಿಂದ 5ಕ್ಕೆ ಇಳಿದವು. ಸೋಪು, ಶಾಂಪೂ, ಟೂತ್‌ಪೇಸ್ಟ್ 18ರಿಂದ 5ಕ್ಕೆ. ಇಂಥ ವಾರದಲ್ಲಿ ಒಬ್ಬ ವೆಂಡರ್‌ನ ಎಲ್ಲ ಗಿರಾಕಿಗಳೂ ಒಟ್ಟಿಗೆ ಟಿಕೆಟ್ ಹಾಕುತ್ತಾರೆ, ಅಲ್ವಾ? ನಿಮ್ಮ ಸರದಿ ಬರುವುದು ಯಾವಾಗ? ಅದೇ ನಿಮ್ಮ ಅಕೌಂಟ್ಸ್‌ನವರಿಗೆ ಎಚ್‌ಎಸ್‌ಎನ್ 7615 ಮತ್ತು 7323ರಿಂದ ಶುರುವಾಗುವ ಪ್ರಾಡಕ್ಟ್‌ಗಳನ್ನೆಲ್ಲ ಫಿಲ್ಟರ್ ಮಾಡಿ, ಬಲ್ಕ್ ಎಡಿಟ್‌ನಲ್ಲಿ ದರ ಬದಲಾಯಿಸಲು ಬಂದರೆ ಆ ಕೆಲಸ ಒಂದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇದನ್ನೇ ಅಭ್ಯಾಸದ ಪಾಠ ಮಾಡಿಕೊಳ್ಳಿ. ಟೆಸ್ಟ್ ಕಾಪಿಯಲ್ಲಿ 'ನಾಳೆಯಿಂದ ದರ ಬದಲು' ಅಂತ ಹೇಳಿ ಅವರ ಕೈಯಲ್ಲೇ ಮಾಡಿಸಿ.

ಟೆಸ್ಟ್ ಕಾಪಿ ಅಂದೆ. ಅದು ಇಲ್ಲದಿದ್ದರೆ ಬೇರೇನೂ ಕೇಳುವ ಮೊದಲು ಅದನ್ನು ಕೇಳಿ ಪಡೆಯಿರಿ. ಕೆಡಿಸಿದರೂ ಪರವಾಗಿಲ್ಲ ಅನ್ನುವ ಜಾಗ ಇಲ್ಲದೆ ಯಾರೂ ಧೈರ್ಯವಾಗಿ ಕಲಿಯುವುದಿಲ್ಲ. ಕೆರೆಗೆ ಇಳಿಯದೆ ಈಜು ಬರುತ್ತದೆಯೇ? ಅದರಲ್ಲೂ ಇಂಪೋರ್ಟ್ ಅನ್ನು, ಅಂದರೆ ಫೈಲ್‌ನಿಂದ ಮಾಹಿತಿಯನ್ನು ಸಿಸ್ಟಮ್‌ಗೆ ತುಂಬುವುದನ್ನು, ಅಲ್ಲೇ ಚೆನ್ನಾಗಿ ಪಳಗಿಸಿಕೊಳ್ಳಬೇಕು. ದೊಡ್ಡ ಹಾನಿ ಆಗುವುದು ಇಂಪೋರ್ಟ್‌ನಲ್ಲೇ. ಅಕೆನಿಯೋದಲ್ಲಿ ಫೈಲ್‌ನ ಒಂದು ಕಾಲಂ ಇದ್ದು ಅದರ ಸೆಲ್ ಖಾಲಿ ಇದ್ದರೆ, ಸಿಸ್ಟಮ್‌ನಲ್ಲಿ ಮೊದಲೇ ಇದ್ದ ಮಾಹಿತಿ ಅಳಿಸಿಹೋಗುತ್ತದೆ. ಕಾಲಂ ಫೈಲ್‌ನಲ್ಲೇ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಪ್ರತಿಯೊಬ್ಬರೂ ಕಣ್ಣಾರೆ ನೋಡಿರಬೇಕು. ಬದಲಾಯಿಸಬೇಕಾದ ಕಾಲಂ ಮತ್ತು ಎಸ್‌ಕೆಯು (ಪ್ರತಿ ಪ್ರಾಡಕ್ಟ್‌ನ ಗುರುತಿನ ಕೋಡ್), ಇಷ್ಟನ್ನು ಬಿಟ್ಟು ಮಿಕ್ಕ ಕಾಲಂಗಳನ್ನು ಫೈಲ್‌ನಿಂದ ತೆಗೆದುಬಿಡುವ ರೂಢಿ ಮಾಡಿಸಿ.

ಬಾರ್‌ಕೋಡ್ ಕಥೆ ಗೊತ್ತೇ ಇದೆ. 13 ಅಂಕಿಯ ನಂಬರನ್ನು ಎಕ್ಸೆಲ್ '8.9ಇ+12' ಥರ ಚಿಕ್ಕದು ಮಾಡಿ ತೋರಿಸುತ್ತದೆ. ಹಾಗೇ ಇಂಪೋರ್ಟ್‌ಗೆ ಬಳಸುವ ಸಿಎಸ್‌ವಿ ಫೈಲ್‌ಗೆ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಬೇಕು. 13ನೇ ಅಂಕಿ ಉಳಿದ 12ರಿಂದ ಲೆಕ್ಕ ಹಾಕಿ ಬರುವಂಥದ್ದು. ಆದ್ದರಿಂದ ಎಕ್ಸೆಲ್‌ನಲ್ಲೇ ಒಂದು ಫಾರ್ಮುಲಾ ಹಾಕಿ ತಪ್ಪು ನಂಬರುಗಳನ್ನು ಇಂಪೋರ್ಟ್‌ಗೆ ಮೊದಲೇ ಹಿಡಿಯಬಹುದು. ಕನ್ನಡ ಅಕ್ಷರ ಇರುವ ಸಿಎಸ್‌ವಿಯನ್ನು ಯುಟಿಎಫ್-8 ಅನ್ನುವ ಅಕ್ಷರ ವಿಧಾನದಲ್ಲೇ ಉಳಿಸಬೇಕು, ಇಲ್ಲವಾದರೆ ಬರೀ ಪ್ರಶ್ನೆ ಗುರುತುಗಳು ಬರುತ್ತವೆ.

ವೆಂಡರ್ ಜೊತೆ ಕೆಲಸ ಮಾಡುವ ರೀತಿಯನ್ನೂ ಬದಲಾಯಿಸಿ. ಮುಂದಿನ ಟಿಕೆಟ್‌ನಲ್ಲಿ 'ಮಾಡಿಕೊಡಿ' ಅಂತ ಬರೆಯಬೇಡಿ. 'ನಮ್ಮವರು ಮಾಡುತ್ತಾರೆ, ನೀವು ಪಕ್ಕದಲ್ಲಿ ಇರಿ' ಅಂತ ಬರೆಯಿರಿ. ಸ್ಕ್ರೀನ್ ನಿಮ್ಮವರದು, ಮೌಸ್ ನಿಮ್ಮವರ ಕೈಯಲ್ಲಿ. ವೆಂಡರ್ ಬಾಯಲ್ಲಿ ಹೇಳಲಿ. ಅದೇ ಬಗೆಯ ಟಿಕೆಟ್ ಮತ್ತೆ ಬಂದಾಗ ನಿಮ್ಮವರು ಮಾಡಿ ತೋರಿಸಲಿ, ವೆಂಡರ್ ಬರೀ ನೋಡಲಿ. ಒಳ್ಳೆಯ ವೆಂಡರ್ ಇದಕ್ಕೆ ಬೇಡ ಅನ್ನುವುದಿಲ್ಲ, ಚಿಲ್ಲರೆ ಟಿಕೆಟ್‌ಗಳು ಅವರಿಗೂ ತಲೆನೋವೇ. ಮಾಡಿದ್ದನ್ನೆಲ್ಲ ನಿಮ್ಮವರೇ ತಮ್ಮ ಮಾತಿನಲ್ಲಿ, ನಿಮ್ಮದೇ ಪ್ರಾಡಕ್ಟ್‌ನ ಸ್ಕ್ರೀನ್‌ಶಾಟ್ ಇಟ್ಟು ಬರೆದಿಡಲಿ. ಕನ್ನಡ ಇಂಗ್ಲಿಷ್ ಬೆರೆತರೂ ಅಡ್ಡಿಯಿಲ್ಲ.

ಇದಕ್ಕೆ ಯಾರನ್ನು ಆರಿಸಬೇಕು? ಐಟಿಯವರಿಗೆ ವಹಿಸುವ ಕಂಪನಿಗಳೇ ಜಾಸ್ತಿ. ನಾನಾದರೆ ಕ್ಯಾಟಲಾಗ್ ತಂಡದಲ್ಲಿ ಹುಡುಕುತ್ತೇನೆ. 'ಆ ಹಳೇ 5 ಲೀಟರ್ ಮಾಡೆಲ್‌ಗೆ ಯಾವ ಗ್ಯಾಸ್ಕೆಟ್?' ಅಂತ ಎಲ್ಲರೂ ಹೋಗಿ ಕೇಳುವ ಒಬ್ಬರು ಪ್ರತಿ ಕಂಪನಿಯಲ್ಲೂ ಇರುತ್ತಾರೆ. ಅವರೇ ಸರಿ. ಅವರ ಜೊತೆಗೆ ಇನ್ನೊಬ್ಬರು ಇರಲೇಬೇಕು, ಒಬ್ಬರು ಕೆಲಸ ಬಿಟ್ಟರೆ ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಇಬ್ಬರಿಗೂ ಈಗಿರುವ ಕೆಲಸದಲ್ಲಿ ಒಂದಷ್ಟು ಕಡಿಮೆ ಮಾಡಿಕೊಡಿ. ದಿನದ ಕೆಲಸವೆಲ್ಲ ಮುಗಿಸಿ ಸಂಜೆ ಆರರ ಮೇಲೆ ಕಲಿಯಿರಿ ಅಂದರೆ ಅದು ಅನ್ಯಾಯ.

ಎಲ್ಲವನ್ನೂ ನೀವೇ ಹೊತ್ತುಕೊಳ್ಳಬೇಕಿಲ್ಲ. ಆಟ್ರಿಬ್ಯೂಟ್, ಫ್ಯಾಮಿಲಿ, ಕ್ಯಾಟಗರಿ, ಇಂಪೋರ್ಟ್ ಎಕ್ಸ್‌ಪೋರ್ಟ್, ಬಳಕೆದಾರರ ಅಧಿಕಾರ, ಇವು ನಿಮ್ಮವು. ವರ್ಶನ್ ಅಪ್‌ಗ್ರೇಡ್, ಇಆರ್‌ಪಿ (ಲೆಕ್ಕ, ಸ್ಟಾಕ್ ನೋಡುವ ಸಾಫ್ಟ್‌ವೇರ್) ಮತ್ತು ವೆಬ್‌ಸೈಟಿಗೆ ಪಿಐಎಂ ಅನ್ನು ಜೋಡಿಸುವ ಕನೆಕ್ಟರ್‌ಗಳು ವೆಂಡರ್ ಬಳಿ ಇರಲಿ. ಅವಕ್ಕೆ ಕೋಡ್ ಬರೆಯುವವರು ಬೇಕು. ಕನೆಕ್ಟರ್‌ಗಳು ತಿಂಗಳು ತಿಂಗಳೂ ಬದಲಾಗುತ್ತಿದ್ದರೆ ಮಾತ್ರ ಡೆವಲಪರ್ ಯೋಚನೆ ಮಾಡಿ. ಮುಂದಿನ ಒಪ್ಪಂದ ಬರೆಯುವಾಗ ಅಡ್ಮಿನ್ ಲಾಗಿನ್, ಹೋಸ್ಟಿಂಗ್ ಖಾತೆ, ನಿಮಗಾಗಿ ಬರೆದ ಕೋಡ್, ಈ ಮೂರೂ ಕಂಪನಿಯ ಹೆಸರಿನಲ್ಲಿ ಇರಬೇಕು ಅಂತ ಸೇರಿಸಿ. ವೆಂಡರ್‌ಗೆ ಕೊಡುವ ಗಂಟೆಗಳಲ್ಲಿ ಒಂದು ಪಾಲು ನಿಮ್ಮವರು ಮಾಡಿದ್ದನ್ನು ಪರಿಶೀಲಿಸುವುದಕ್ಕೆ ಅಂತ ಬೇರೆಯಾಗಿ ನಮೂದಿಸಿ.

ಕುಕ್ಕರ್ ಫ್ಯಾಮಿಲಿಯ ಪಟ್ಟಿ ಬೋರ್ಡ್ ಮೇಲೆ ಬಂದ ಮೇಲೆ ಅದನ್ನು ಕೆಳಗೆ ಕಾಮೆಂಟ್‌ನಲ್ಲಿ ಹಾಕಿ. ಯಾವುದು ಯಾವ ಬಗೆ ಇರಬೇಕು ಅಂತ ನೋಡಿ ಹೇಳುತ್ತೇನೆ.