ಹೆಂಡತಿಯ ಹುಟ್ಟುಹಬ್ಬಕ್ಕೆ ವಿದೇಶ: ಚಾಟ್ನಿಗೆ ಮುಂಚೆ ವಿಯೆನ್ನಾಗೆ ಹೋಗಿ ಬನ್ನಿ

ಅಣ್ಣಾ, ಹೆಂಡತಿಯನ್ನು ವಿದೇಶಕ್ಕೆ ಕರೆದೊಯ್ಯುವ ಪ್ರಶ್ನೆಯನ್ನು ದ್ರಾಕ್ಷಿ ಬೆಳೆಗಾರರ ಗುಂಪಿನಲ್ಲಿ ಯಾಕೆ ಕೇಳಿದಿರಿ ಅಂತ ಮೇಲೆ ಇಬ್ಬರು ಬರೆದಿದ್ದಾರೆ. ಇಲ್ಲೇ ಕೇಳಬೇಕು. ಚಾಟ್ನಿ (ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದು) ತಾರೀಖು, ಪಹಣಿ, ಮನೂಕ (ಒಣದ್ರಾಕ್ಷಿ) ಮಾರಿದ ಪಟ್ಟಿ ಇವೆಲ್ಲ ಗೊತ್ತಿಲ್ಲದ ಏಜೆಂಟ್‌ಗೆ ನಮ್ಮ ತಾಪತ್ರಯ ತಿಳಿಯುವುದಿಲ್ಲ. ನಾನೂ ನಮ್ಮ ಯಜಮಾನರೂ ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ ಪಡ (ದ್ರಾಕ್ಷಿ ತೋಟ) ಮಾಡಿಕೊಂಡೇ ಯುರೋಪಿಗೆ ಹೋಗಿ ಬಂದವರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಇಷ್ಟು. ಮನೆಯವರಿಗೆ ಸೆಪ್ಟೆಂಬರ್ ಎರಡನೇ ವಾರ 40 ತುಂಬುತ್ತದೆ. ಅವರಿಗೆ ಹೇಳದೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಸೇರಿದ ಎಂಟು ದಿನದ ಪ್ಯಾಕೇಜ್ ಮಾಡಬೇಕು. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ವಾಪಸ್ ಬಂದಿರಬೇಕು. ಆದರೆ ಅಲ್ಲಿಯ ದ್ರಾಕ್ಷಿ ತೋಟಗಳನ್ನೂ ನೋಡಬೇಕು.

ನನ್ನ ಮಾತು ನೇರ ಹೇಳುತ್ತೇನೆ. ಮೂರು ದೇಶ ಬೇಡ, ಒಂದೇ ಊರು ಸಾಕು. ಎಂಟು ದಿನದಲ್ಲಿ ಮೂರು ದೇಶ ಅಂದರೆ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ. ಬೆಳಿಗ್ಗೆ ಆರಕ್ಕೆ ಬ್ಯಾಗ್ ಕೆಳಗಿಡು, ಏಳಕ್ಕೆ ಬಸ್ ಹತ್ತು, ಫೋಟೋ ತೆಗಿ, ಮತ್ತೆ ಹತ್ತು. ಸೀಸನ್ ತುಂಬಾ ಐದಕ್ಕೆ ಎದ್ದು ಆಳುಗಳಿಗೆ ರೊಟ್ಟಿ ಬಡಿದು ಕಳಿಸುವ ಹೆಣ್ಣುಮಗಳಿಗೆ ಐದಕ್ಕೆ ಏಳದೆ ಇರುವುದೇ ದೊಡ್ಡ ಉಡುಗೊರೆ. ಒಂದೇ ಹೋಟೆಲ್, ಐದು ರಾತ್ರಿ, ದಿನಕ್ಕೆ ಒಂದೋ ಎರಡೋ ಜಾಗ. ಊರು ಯಾವುದು ಅಂದರೆ ನಾನು ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾ ಅನ್ನುತ್ತೇನೆ. ಕಾರಣ ಕೆಳಗೆ ಬರುತ್ತದೆ.

ಸರ್‌ಪ್ರೈಸ್ ವಿಚಾರ. ದಯವಿಟ್ಟು ಬಿಡಿ. ಷೆಂಗೆನ್ ವೀಸಾಗೆ (ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಒಂದೇ ವೀಸಾ) ನಿಮ್ಮ ಮನೆಯವರೇ ವೀಸಾ ಕೇಂದ್ರಕ್ಕೆ ಬಂದು ಹತ್ತು ಬೆರಳಿನ ಗುರುತು ಕೊಡಬೇಕು, ಅರ್ಜಿಗೆ ಸಹಿ ಹಾಕಬೇಕು. ಹಿಂದಿನ 59 ತಿಂಗಳಲ್ಲಿ ಕೊಟ್ಟಿದ್ದರೆ ಮಾತ್ರ ಬೆರಳಿನ ಗುರುತು ಮತ್ತೆ ಬೇಡ. ಹಾಗಾಗಿ ಮುಚ್ಚಿಡಲು ಆಗುವುದೇ ಇಲ್ಲ. ಇನ್ನೊಂದು ಮಾತು, ಇದು ಹೆಂಗಸಾಗಿ ಹೇಳುವುದು. ಮನೆ ಬಿಡಬೇಕಾದರೆ ನಮಗೆ ನೂರೆಂಟು ಏರ್ಪಾಡು. ಅತ್ತೆಯ ಔಷಧಿ ಯಾರು ಕೊಡಬೇಕು, ಮಕ್ಕಳ ಪರೀಕ್ಷೆ ಯಾವಾಗ, ಎಮ್ಮೆ ಹಿಂಡುವುದು ಯಾರು. ಅದನ್ನೆಲ್ಲ ಹೊಂದಿಸಲು ಸಮಯ ಕೊಡದೆ ಕರೆದುಕೊಂಡು ಹೋದರೆ ದೇಹ ಅಲ್ಲಿರುತ್ತದೆ, ಮನಸ್ಸು ಊರಲ್ಲಿರುತ್ತದೆ. ಊರು ಯಾವುದು ಅಂತ ಈಗಲೇ ಹೇಳಿಬಿಡಿ. ಹುಟ್ಟುಹಬ್ಬದ ಸಂಜೆ ಎಲ್ಲಿಗೆ ಅನ್ನುವುದನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ.

ಈಗ ಕಾಗದಪತ್ರ. ರೈತರು ಸಿಕ್ಕಿಕೊಳ್ಳುವುದು ಇಲ್ಲೇ, ಸರಿಯಾಗಿ ಓದಿಕೊಳ್ಳಿ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವೀಸಾ ಅರ್ಜಿ ಆರು ತಿಂಗಳು ಮುಂಚೆಯಿಂದ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಬರುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಯುರೋಪಿನ ಬೇಸಿಗೆಯಾದ ಜುಲೈ, ಆಗಸ್ಟ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಜೂನ್‌ನಲ್ಲೇ ದಿನ ಹಿಡಿಯಿರಿ. ಶುಲ್ಕ ಒಬ್ಬರಿಗೆ 90 ಯೂರೋ, 2024ರ ಜೂನ್‌ನಿಂದ ಹೀಗಿದೆ. ಮೇಲೆ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಅಂದರೆ ನಿಮಗೆ ಆಸ್ಟ್ರಿಯಾ. ವೀಸಾ ಕೈಗೆ ಬರುವ ಮುಂಚೆ ದುಡ್ಡು ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ. ಹೋಟೆಲ್ಲೂ ರದ್ದು ಮಾಡಲು ಬರುವಂಥದ್ದೇ ಇರಲಿ.

ಆದಾಯದ ದಾಖಲೆಗೆ ವೀಸಾ ಕಚೇರಿಯವರು ಐಟಿ ರಿಟರ್ನ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮಲ್ಲಿ ತುಂಬಾ ಜನ ರಿಟರ್ನ್ ಹಾಕುವುದೇ ಇಲ್ಲ. ತೆರಿಗೆ ಶೂನ್ಯವಾದರೂ ಕೃಷಿ ಆದಾಯ ತೋರಿಸಿ ರಿಟರ್ನ್ ಸಲ್ಲಿಸಬಹುದು. ಇನ್ನೂ ಹಾಕಿಲ್ಲದಿದ್ದರೆ ಈ ವರ್ಷದಿಂದಲೇ ಶುರು ಮಾಡಿ. ಅದರ ಜೊತೆ ಪಹಣಿ, ಮನೂಕ ಮಾರಿದ ಪಟ್ಟಿಗಳು, ಕೋಲ್ಡ್ ಸ್ಟೋರೇಜ್ ರಸೀದಿ, ಬ್ಯಾಂಕಿನ ಸೀಲ್ ಇರುವ ಆರು ತಿಂಗಳ ಸ್ಟೇಟ್‌ಮೆಂಟ್ ಇಡಿ. ಪಹಣಿ ಕನ್ನಡದಲ್ಲಿ ಇರುತ್ತದೆ, ಇಂಗ್ಲಿಷ್‌ಗೆ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಅರ್ಜಿಗೆ ಒಂದು ಪುಟದ ಪತ್ರ ಲಗತ್ತಿಸಿ. ಎಷ್ಟು ಎಕರೆ ತೋಟ, ವರ್ಷಕ್ಕೆ ಒಮ್ಮೆ ಮಾರಾಟ, ದುಡ್ಡು ಬರುವುದು ಯಾವ ತಿಂಗಳು, ಅಕ್ಟೋಬರ್ ಚಾಟ್ನಿಗೆ ಯಾಕೆ ವಾಪಸ್ ಬರಲೇಬೇಕು, ಎಲ್ಲ ಸರಳವಾಗಿ ಬರೆಯಿರಿ. ಈ ಕೊನೆಯ ಮಾತು ತುಂಬಾ ಮುಖ್ಯ. ಹೋದವರು ಮರಳಿ ಬರುತ್ತಾರಾ ಅನ್ನುವುದೇ ಅವರ ಅನುಮಾನ, ಅದಕ್ಕೆ ನಿಂತ ಬೆಳೆಗಿಂತ ಒಳ್ಳೆಯ ಜಾಮೀನು ಯಾವುದಿದೆ? ಅರ್ಜಿಗೆ ವಾರ ಮುಂಚೆ ಯಾರದೋ ಕೈಗಡ ತಂದು ಖಾತೆಗೆ ತುಂಬಬೇಡಿ. ಸ್ಟೇಟ್‌ಮೆಂಟ್‌ನಲ್ಲಿ ಅದು ಎದ್ದು ಕಾಣುತ್ತದೆ. ಮದುವೆ ನೋಂದಣಿ ಆಗಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಕೊಳ್ಳಿ. ಮನೆಯವರ ಖರ್ಚು ನಿಮ್ಮ ಖಾತೆಯಿಂದ ತೋರಿಸಲು ಆ ಪ್ರಮಾಣಪತ್ರ ಬೇಕು.

ತೋಟದ ಮಟ್ಟಿಗೆ ಸೆಪ್ಟೆಂಬರ್ ಎರಡನೇ ವಾರ ಒಳ್ಳೆಯ ಸಮಯ. ಏಪ್ರಿಲ್ ಚಾಟ್ನಿಯ ಕಡ್ಡಿ ಅಷ್ಟೊತ್ತಿಗೆ ಬಲಿತಿರುತ್ತದೆ. ಎಲೆ ಉಳಿಸಿಕೊಳ್ಳುವುದೊಂದೇ ಕೆಲಸ. ತುಕ್ಕು, ಬೂದಿ ರೋಗದ ಸ್ಪ್ರೇ ಯಾವ ದಿನ ಯಾವುದು ಅಂತ ಹಾಳೆಯಲ್ಲಿ ಬರೆದು ಮೋಟಾರ್ ಮನೆಯ ಗೋಡೆಗೆ ಅಂಟಿಸಿ. ಚಾಟ್ನಿ ಗ್ಯಾಂಗ್‌ಗೆ ಮುಂಗಡ ಕೊಟ್ಟು, ಕೊಟ್ಟಿಗೆ ಗೊಬ್ಬರ ಇಳಿಸಿಕೊಂಡು ಹೊರಡಿ. ಇಷ್ಟಾದರೆ ಅಲ್ಲಿಂದ ದಿನಕ್ಕೆ ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ.

ಮುಂಬೈ ಅಥವಾ ಬೆಂಗಳೂರಿನಿಂದ ದುಬೈ, ದೋಹಾ ಮೂಲಕ ಒಂದು ನಿಲುಗಡೆಯಲ್ಲಿ ವಿಯೆನ್ನಾ ತಲುಪಬಹುದು. ವಿಮಾನ ನಿಲ್ದಾಣದಿಂದ ಊರೊಳಗೆ ಹೋಗಲು ದುಬಾರಿ ಎಕ್ಸ್‌ಪ್ರೆಸ್ ಬೇಕಿಲ್ಲ. ಎಸ್7 ಅನ್ನುವ ಸಾದಾ ರೈಲು ಸುಮಾರು 25 ನಿಮಿಷಕ್ಕೆ ಮುಟ್ಟಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಹಗಲು 20 ಡಿಗ್ರಿ ಆಸುಪಾಸು ಇರುತ್ತದೆ, ರಾತ್ರಿ ಚಳಿ. ಒಂದು ಸ್ವೆಟರ್, ನಡೆಯಲು ಒಳ್ಳೆಯ ಬೂಟು ಸಾಕು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಖರೀದಿ ಇದ್ದರೆ ಶನಿವಾರವೇ ಮುಗಿಸಿ.

ಈಗ ವಿಯೆನ್ನಾ ಯಾಕೆ ಅನ್ನುವುದು. ಹಳೇ ಊರನ್ನು ಸುತ್ತಿಕೊಂಡು ರಿಂಗ್‌ಸ್ಟ್ರಾಸೆ ಅನ್ನುವ ಅಗಲ ರಸ್ತೆ ಇದೆ. ಕೋಟೆ ಗೋಡೆ ಕೆಡವಿ ಆ ಜಾಗದಲ್ಲಿ ಮಾಡಿದ್ದು, ಚಕ್ರವರ್ತಿಯ ಆಜ್ಞೆ ಆಗಿದ್ದು 1857ರಲ್ಲಿ. ಮೊದಲ ದಿನ ದಣಿವಿರುತ್ತದೆ. ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತುಬಿಡಿ, ಅರಮನೆ, ಒಪೆರಾ, ಪಾರ್ಲಿಮೆಂಟ್ ಎಲ್ಲ ಕಣ್ಣೆದುರು ಬರುತ್ತವೆ. ಷೋನ್‌ಬ್ರುನ್ ಅರಮನೆಯ ಒಳಗೆ ಹೋಗಲು ಟಿಕೆಟ್ ಇದೆ, ದೊಡ್ಡ ಉದ್ಯಾನಕ್ಕೆ ಇಲ್ಲ. ಉದ್ಯಾನದ ಗುಡ್ಡ ಹತ್ತಿ ಮೇಲಿಂದ ಊರು ನೋಡಿ. ಬೆಲ್ವೆಡೆರೆ ಅರಮನೆಯಲ್ಲಿ ಕ್ಲಿಮ್ಟ್ ಅನ್ನುವ ಚಿತ್ರಕಾರ ಬರೆದ, ಚಿನ್ನದ ರೇಕು ಹಚ್ಚಿದ ‘ದಿ ಕಿಸ್’ (ಚುಂಬನ) ಚಿತ್ರ ಇದೆ. ಗಂಡ ಹೆಂಡತಿ ಜೊತೆಯಲ್ಲಿ ನಿಂತು ನೋಡಬೇಕಾದ್ದು ಅದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿನ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ, ಆಮೇಲೆ ಗದ್ದಲ.

ಹುಟ್ಟುಹಬ್ಬದ ದಿನಕ್ಕೆ ನನ್ನ ಆಯ್ಕೆ ಫೋಲ್ಕ್ಸ್‌ಗಾರ್ಟನ್. ರಿಂಗ್ ರಸ್ತೆ ಪಕ್ಕದ ಗುಲಾಬಿ ತೋಟ, ಪ್ರವೇಶ ಉಚಿತ. ಜೂನ್‌ನಷ್ಟು ಹೂ ಸೆಪ್ಟೆಂಬರ್‌ನಲ್ಲಿ ಇರುವುದಿಲ್ಲ, ಆದರೂ ಇರುತ್ತದೆ. ಬಗ್ಗಿ ನೋಡಿದರೆ ಗಿಡಗಳ ಬುಡದಲ್ಲಿ ಸಣ್ಣ ಫಲಕಗಳು ಕಾಣುತ್ತವೆ. ಅಲ್ಲಿಯ ಜನ ಹಣ ಕಟ್ಟಿ ಒಂದೊಂದು ಗಿಡವನ್ನು ತಮ್ಮವರ ಹೆಸರಿಗೆ ಮಾಡಿಸುತ್ತಾರೆ. ಹೆಂಡತಿಯ ಹುಟ್ಟುಹಬ್ಬಕ್ಕೆ ಅಂತ ಒಂದು, ಮದುವೆಗೆ ಇಷ್ಟು ವರ್ಷ ಅಂತ ಇನ್ನೊಂದು, ತೀರಿಕೊಂಡ ತಾಯಿಗೆ ಅಂತ ಮತ್ತೊಂದು. ಫೋನಿನ ಅನುವಾದದಲ್ಲಿ ಒಂದೊಂದೇ ಓದುತ್ತಾ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಮ್ಮ ಯಜಮಾನರು ಮಾತು ಕಡಿಮೆ. ಅಲ್ಲಿ ಅವರು ತಾವೇ ಫಲಕ ಹುಡುಕಿ ನನ್ನನ್ನು ಕರೆದು ಓದಿಸಿದರು. ಸಂಜೆ ಪ್ರಾಟರ್ ಉದ್ಯಾನಕ್ಕೆ ಹೋಗಿ ದೊಡ್ಡ ಚಕ್ರ (ಜೈಂಟ್ ವೀಲ್) ಹತ್ತಿ. 1897ರದ್ದು ಅದು, ಮರದ ಡಬ್ಬಿಗಳು ನಿಧಾನ ಮೇಲೇರುತ್ತವೆ, ದೀಪ ಹತ್ತಿದ ಊರು ಪೂರಾ ಕಾಣುತ್ತದೆ. ನಿಮ್ಮ ಸರ್‌ಪ್ರೈಸ್ ಅಲ್ಲಿರಲಿ.

ದ್ರಾಕ್ಷಿ ವಿಚಾರ ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ವಿಯೆನ್ನಾ ನಗರದ ಗಡಿಯೊಳಗೇ 500 ಹೆಕ್ಟೇರ್‌ಗೂ ಜಾಸ್ತಿ ದ್ರಾಕ್ಷಿ ಇದೆ. ಡಿ ನಂಬರ್ ಟ್ರಾಮ್ ಕೊನೆಯ ನಿಲ್ದಾಣ ನುಸ್‌ಡೋರ್ಫ್‌ನಲ್ಲಿ ಇಳಿದು ಮೇಲಕ್ಕೆ ನಡೆದರೆ ಇಳಿಜಾರಿನ ತುಂಬಾ ಸಾಲುಗಳು, ಆಚೆ ಡ್ಯಾನ್ಯೂಬ್ ನದಿ. ನಮ್ಮ ವೈ ಆಕಾರದ ಚಪ್ಪರ ಅಲ್ಲ. ತಂತಿಗೆ ನೇರ ಮೇಲೆ ಕಟ್ಟಿದ ಕಡ್ಡಿ, ಗೊನೆ ಮಾತ್ರ ಕೆಳಗೆ. ಕಾಳು ಸಣ್ಣ, ಸಿಪ್ಪೆ ದಪ್ಪ, ಒಳಗೆ ಬೀಜ. ವೈನ್‌ಗೆ ಬೆಳೆಯುವುದು, ಜಿಎ ಅನ್ನುವ ಬೆಳವಣಿಗೆ ಹಾರ್ಮೋನ್‌ನಲ್ಲಿ ಅದ್ದಿ ಕಾಳು ಉದ್ದ ಮಾಡುವ ಮಾತೇ ಇಲ್ಲ. ಒಂದೇ ಪಡದಲ್ಲಿ ಮೂರು ನಾಲ್ಕು ತಳಿ ಬೆರೆಸಿ ನೆಟ್ಟು ಒಟ್ಟಿಗೆ ಕೊಯ್ದು ವೈನ್ ಮಾಡುವ ಪದ್ಧತಿಯೂ ಇದೆ, ಗೆಮಿಷ್ಟರ್ ಸಾಟ್ಸ್ ಅನ್ನುತ್ತಾರೆ. ನಾವು ಉಪ್ಪು, ಬರ ತಡೆಯಲಿ ಅಂತ ಡಾಗ್‌ರಿಜ್ ಅನ್ನುವ ತಳಿಯ ಬೇರಿಗೆ ಕಸಿ ಮಾಡುತ್ತೇವೆ. ಯುರೋಪಿನವರು ಬೇರು ತಿನ್ನುವ ಫಿಲಾಕ್ಸೆರಾ ಕೀಟಕ್ಕೆ ಹೆದರಿ ಕಸಿ ಮಾಡಿದರು. ಹೆಸರುವಾಸಿ ಕೋಬರ್ 5ಬಿಬಿ ಬೇರಿಗೆ ಆ ಹೆಸರು ಬಂದದ್ದು ಆಸ್ಟ್ರಿಯಾದ ಫ್ರಾನ್ಸ್ ಕೋಬರ್ ಅವರಿಂದ. ಪಕ್ಕದಲ್ಲೇ ಕ್ಲೋಸ್ಟರ್‌ನಾಯ್‌ಬುರ್ಗ್‌ನಲ್ಲಿ 1860ರಿಂದ ನಡೆಯುತ್ತಿರುವ ದ್ರಾಕ್ಷಿ ಶಾಲೆ ಇದೆ. ನಿಮಗೆ ಆಸೆ ಆಗುತ್ತದೆ, ಗೊತ್ತು. ಈ ಸಲ ಬೇಡ. ದ್ರಾಕ್ಷಿಗೆ ಅರ್ಧ ದಿನ ಸಾಕು. ಹೆಂಡತಿಯ ಹುಟ್ಟುಹಬ್ಬವನ್ನು ಕೃಷಿ ಅಧ್ಯಯನ ಪ್ರವಾಸ ಮಾಡಬೇಡಿ.

ಆ ಅರ್ಧ ದಿನದ ಕೊನೆಗೆ ಒಂದು ಹೊಯ್ರಿಗರ್‌ನಲ್ಲಿ ಕೂತುಕೊಳ್ಳಿ. ಬೆಳೆಗಾರರು ತಮ್ಮ ಸ್ವಂತ ವೈನ್ ಮಾರುವ ಅಂಗಳ ಅದು, 1784ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಕೊಟ್ಟ ಹಕ್ಕಿನಿಂದ ಬೆಳೆದದ್ದು. ಬಾಗಿಲ ಮೇಲೆ ಪೈನ್ ಮರದ ಹಸಿರು ಕೊಂಬೆ ತೂಗುಹಾಕಿದ್ದರೆ ಇವತ್ತು ತೆರೆದಿದೆ ಅಂತ ಗುರುತು. ಸೆಪ್ಟೆಂಬರ್‌ನಲ್ಲಿ ಸ್ಟುರ್ಮ್ ಅನ್ನುವ ಇನ್ನೂ ಹುದುಗುತ್ತಿರುವ ರಸ ಸಿಗುತ್ತದೆ. ಮಬ್ಬು ಬಣ್ಣ, ಸಿಹಿ, ಆದರೆ ಅಮಲು ಇದೆ. ಮನೆಯಲ್ಲಿ ಕುಡಿಯುವ ರೂಢಿ ಇಲ್ಲದಿದ್ದರೆ ಟ್ರೌಬೆನ್‌ಸಾಫ್ಟ್ ಕೇಳಿ, ಅದು ಬರೀ ದ್ರಾಕ್ಷಿ ರಸ.

ಸಸ್ಯಾಹಾರಿಗಳಿಗೆ ಒಂದು ಎಚ್ಚರ. ಅಲ್ಲಿಯ ಆಲೂಗಡ್ಡೆ ಸಲಾಡ್‌ಗೂ ಎಷ್ಟೋ ಕಡೆ ದನದ ಮಾಂಸದ ಸಾರು ಹಾಕುತ್ತಾರೆ. ಸೂಪ್ ಕೂಡ ಹಾಗೇ. ಕೇಳಿಯೇ ತಿನ್ನಿ. ಕೇಕ್‌ಗಳಲ್ಲಿ ಮೊಟ್ಟೆ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಧಾರಾಳವಾಗಿ ಒಯ್ಯಿರಿ. ಹಾಲಿನ ಪದಾರ್ಥ ಯುರೋಪಿಗೆ ತರುವಂತಿಲ್ಲ, ಆದ್ದರಿಂದ ತುಪ್ಪ, ಪೇಡಾ, ಕುಂದಾ ಊರಲ್ಲೇ ಇರಲಿ. ನೀರು ಕೊಳ್ಳಬೇಡಿ. ನಲ್ಲಿಯಲ್ಲಿ ಬರುವುದೇ ಆಲ್ಪ್ಸ್ ಬೆಟ್ಟದ ಚಿಲುಮೆ ನೀರು.

ಬರುವಾಗ ಯಾವ ದ್ರಾಕ್ಷಿ ಕಡ್ಡಿಯನ್ನೂ ಬ್ಯಾಗಿನಲ್ಲಿ ತರಬೇಡಿ, ಎರಡು ಕಣ್ಣಿನ (ಮೊಗ್ಗಿನ) ತುಂಡಾದರೂ ಸರಿ. ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇಲ್ಲದೆ ತಂದರೆ ಕಾನೂನಿಗೆ ವಿರುದ್ಧ. ಒಂದು ಕಡ್ಡಿಯ ಜೊತೆ ಬರುವ ರೋಗ ನಮ್ಮ ಇಡೀ ಭಾಗಕ್ಕೆ ಹಬ್ಬಬಹುದು.

ಮನೆಯವರ ಪಾಸ್‌ಪೋರ್ಟ್ ಇದೆಯಾ ಇಲ್ಲವಾ ಅಂತ ನೀವು ಬರೆದಿಲ್ಲ. ಇದ್ದರೆ ಅದರಲ್ಲಿರುವ ಹೆಸರು ಆಧಾರ್‌ನಲ್ಲಿ, ಮದುವೆ ಪತ್ರದಲ್ಲಿ ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ನೋಡಿ ಇಲ್ಲಿ ತಿಳಿಸಿ. ಪಹಣಿ ಅನುವಾದದ ನಮೂನೆಯೂ, ನಾವು ಬರೆದಿದ್ದ ಪತ್ರವೂ ನನ್ನ ಹತ್ತಿರ ಇವೆ, ನಾಳೆ ಗುಂಪಿಗೆ ಹಾಕುತ್ತೇನೆ.