ಆಪ್ಟೊಮೆಟ್ರಿಯಲ್ಲಿ ರ‍್ಯಾಂಕ್ ಬಾರದಿದ್ದರೆ ರೆಸಿಡೆನ್ಸಿ ಸಿಗುವುದಿಲ್ಲವೇ?

ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬಿ.ಆಪ್ಟಮ್ (ಕಣ್ಣು ಪರೀಕ್ಷಿಸಿ ಕನ್ನಡಕ ಸೂಚಿಸುವ ಆಪ್ಟೊಮೆಟ್ರಿಯ ಸ್ನಾತಕ ಪದವಿ) ಮೂರನೇ ವರ್ಷದಲ್ಲಿ ಓದುತ್ತಿರುವ ತಾವು, ಅಂಕಗಳ ಪೈಪೋಟಿಯಲ್ಲಿ ಹಿಂದೆ ಬಿದ್ದರೆ ಅಮೆರಿಕದ ರೆಸಿಡೆನ್ಸಿ ಕೈತಪ್ಪುವುದೇ ಎಂದು ಕೇಳಿದ್ದೀರಿ. ಅಂಕಗಳಿಗಿಂತ ಮೊದಲು ಅಡ್ಡ ಬರುವುದು ಪದವಿ; ಬಿ.ಆಪ್ಟಮ್ ಒಂದೇ ಅದಕ್ಕೆ ಸಾಲದು. ಅಲ್ಲಿನ ರೆಸಿಡೆನ್ಸಿಯು ನಾಲ್ಕು ವರ್ಷಗಳ ಓ.ಡಿ. (ಡಾಕ್ಟರ್ ಆಫ್ ಆಪ್ಟೊಮೆಟ್ರಿ) ಪದವಿ ಮುಗಿಸಿದವರು ತಾವಾಗಿ ಆರಿಸಿಕೊಳ್ಳುವ, ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ವೈದ್ಯರಿಗಿರುವಂತೆ ಅದು ಎಲ್ಲರಿಗೂ ಕಡ್ಡಾಯವಲ್ಲ. ಅಭ್ಯರ್ಥಿಗಳೂ ಸಂಸ್ಥೆಗಳೂ ಕೊಡುವ ಆದ್ಯತಾಪಟ್ಟಿಗಳನ್ನು ತಾಳೆಹಾಕಿ ಸ್ಥಾನ ಹಂಚುವುದರಿಂದ, ಅಂಕಪಟ್ಟಿಯಷ್ಟೇ ಶಿಫಾರಸು ಪತ್ರ ಮತ್ತು ಸಂದರ್ಶನಕ್ಕೂ ಬೆಲೆಯಿದೆ. ಬೋಧನೆ, ಆಸ್ಪತ್ರೆಯ ಕೆಲಸ, ಲೋ ವಿಷನ್ (ಕನ್ನಡಕದಿಂದಲೂ ಸರಿಯಾಗದ ಮಂದದೃಷ್ಟಿಯವರ ಆರೈಕೆ) ಅಥವಾ ಮಕ್ಕಳ ದೃಷ್ಟಿಚಿಕಿತ್ಸೆಯಂಥ ವಿಶೇಷ ವಿಭಾಗ ಬಯಸುವವರಿಗೆ ಆ ವರ್ಷ ಸಾರ್ಥಕ. ಸ್ವಂತ ಕ್ಲಿನಿಕ್ ತೆರೆಯುವವರಿಗೆ ಅದು ಒಂದು ವರ್ಷದ ಗಳಿಕೆಯಲ್ಲಿ ಒಂದಷ್ಟು ಭಾಗ ಬಿಟ್ಟುಕೊಟ್ಟಂತೆ.

ತಮ್ಮ ಮುಂದೆ ಸದ್ಯಕ್ಕಿರುವುದು ನಾಲ್ಕನೇ ವರ್ಷದ ಇಂಟರ್ನ್‌ಶಿಪ್. ರೋಗಿಗಳು ಹೆಚ್ಚು ಬರುವ ಆಸ್ಪತ್ರೆಯನ್ನೇ ಆರಿಸಿಕೊಂಡು ರೆಟಿನೋಸ್ಕೋಪಿಯಲ್ಲಿ (ಕಣ್ಣಿಗೆ ಬೆಳಕು ಹಾಯಿಸಿ ಕನ್ನಡಕದ ಪವರ್ ಅಳೆಯುವ ವಿಧಾನ) ಕೈ ಪಳಗಿಸಿಕೊಳ್ಳಿ. ಬಳಿಕ ಭಾರತದಲ್ಲೇ ಎಂ.ಆಪ್ಟಮ್ (ಸ್ನಾತಕೋತ್ತರ ಪದವಿ) ಅಥವಾ ದೊಡ್ಡ ಕಣ್ಣಾಸ್ಪತ್ರೆಗಳ ಫೆಲೋಶಿಪ್ ನೋಡಬಹುದು. ಕನ್ನಡ, ತುಳು, ಮಲಯಾಳ ಮೂರರಲ್ಲೂ ರೋಗಿಯ ಮಾತು ಕೇಳಿಸಿಕೊಳ್ಳಬಲ್ಲ ನಮ್ಮೂರಿನವರ ಸಾಮರ್ಥ್ಯಕ್ಕೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ, ಆದರೆ ತಪಾಸಣಾ ಕೊಠಡಿಯಲ್ಲಿ ಅದು ದಿನವೂ ಉಪಯೋಗಕ್ಕೆ ಬರುತ್ತದೆ.