‘ಸರ್ವರ್ ಫ್ಯಾನಿನ ಗದ್ದಲಕ್ಕೆ ಸರಳ ಪರಿಹಾರ’: ಲೇಖಕರಿಗೆ ಉತ್ತರ

ಮಾನ್ಯರೇ,

ಉಡುಪಿಯ ಸಹಕಾರಿ ಸಂಘವೊಂದರ ಕಚೇರಿಯಲ್ಲಿ ಸರ್ವರಿನ ಫ್ಯಾನುಗಳು ಹಗಲಿಡೀ ಅರಚುತ್ತಿದ್ದುದನ್ನೂ, ಉಷ್ಣಾಂಶ ಅಳೆದು ನೀವು ಅವನ್ನು ಸುಮ್ಮನಾಗಿಸಿದ್ದನ್ನೂ ಕುರಿತ ಆರು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ವಿಷಯ ಒಳ್ಳೆಯದು, ಕನ್ನಡದಲ್ಲಿ ಇಂಥ ಬರಹ ಬೇಕಾಗಿಯೂ ಇದೆ. ಆದರೆ ನಿಮ್ಮ ಪರಿಹಾರವನ್ನು ನಂಬಿ ಯಾರಾದರೂ ತಮ್ಮ ಸರ್ವರನ್ನು ಹಾಳುಮಾಡಿಕೊಂಡರೆ ನಿಮ್ಮಷ್ಟೇ ನಾನೂ ಅದಕ್ಕೆ ಹೊಣೆಯಾಗುತ್ತೇನೆ.

ಮೊದಲ ಪುಟದಲ್ಲಿ ಫ್ಯಾನಿನ ಸದ್ದನ್ನು ಯಕ್ಷಗಾನದ ಚಂಡೆಗೆ ಹೋಲಿಸಿದ್ದೀರಿ. ಅದನ್ನು ಹೊಡೆದುಹಾಕಲು ಪೆನ್ಸಿಲ್ ಎತ್ತಿದವನು ಹಾಗೇ ಬಿಟ್ಟೆ, ಏಕೆಂದರೆ ನೀವು ಬಳಸಿಕೊಂಡದ್ದಕ್ಕಿಂತ ಹೆಚ್ಚಿನದು ಆ ಹೋಲಿಕೆಯಲ್ಲಿದೆ. ಚಂಡೆಯವನು ಮನಸ್ಸು ಬಂದಂತೆ ಬಾರಿಸುವುದಿಲ್ಲ, ಭಾಗವತರ ಪದದ ನಡೆ ನೋಡಿ ಬಾರಿಸುತ್ತಾನೆ. ಸರ್ವರಿನ ಫ್ಯಾನಿಗೂ ಒಬ್ಬ ಭಾಗವತರಿದ್ದಾರೆ: ಮದರ್‌ಬೋರ್ಡಿನ ಮೇಲಿರುವ ಬಿಎಂಸಿ ಎಂಬ ಚಿಕ್ಕ ನಿಯಂತ್ರಕ. ಒಳಬರುವ ಗಾಳಿ, ಪ್ರೊಸೆಸರ್, ಮೆಮೊರಿ ಮುಂತಾದ ಕಡೆಗಳ ಸೆನ್ಸರುಗಳನ್ನು ಓದಿ ಫ್ಯಾನ್ ಎಷ್ಟು ವೇಗವಾಗಿ ತಿರುಗಬೇಕೆಂದು ಹೇಳುವುದು ಅದೇ. ನಿಮ್ಮ ಲೇಖನವು ಚಂಡೆಯವನ ಕೈ ಹಿಡಿದು ನಿಲ್ಲಿಸುತ್ತದೆ. ಭಾಗವತರು ಏನು ಹಾಡುತ್ತಿದ್ದರೆಂದು ಕೇಳುವುದಿಲ್ಲ.

ನಿಮ್ಮ ತರ್ಕದ ಬುಡವೇ ಅಲ್ಲಾಡುವುದು ಇಲ್ಲಿ. ಲಿನಕ್ಸಿನಲ್ಲಿ ‘ಸೆನ್ಸರ್ಸ್’ ಕಮಾಂಡ್ ಕೊಟ್ಟಾಗ ಪ್ರೊಸೆಸರ್ 78 ಡಿಗ್ರಿ ಸೆಲ್ಸಿಯಸ್ ತೋರಿಸಿತು, ಅದು ಮಿತಿಯೊಳಗೇ ಇದೆ, ಆದ್ದರಿಂದ ಫ್ಯಾನ್ ವೃಥಾ ಓಡುತ್ತಿದೆ ಎಂದು ಬರೆದಿದ್ದೀರಿ. ಆ 78 ಎಂಬುದು ಫ್ಯಾನ್ ಪೂರ್ತಿ ವೇಗದಲ್ಲಿ ದುಡಿದು ಉಳಿಸಿಕೊಟ್ಟ ಅಂಕಿ. ನಿಯಂತ್ರಕವು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವಷ್ಟು ಕಾಲ ಪ್ರೊಸೆಸರಿನ ಉಷ್ಣಾಂಶ ಹೆಚ್ಚು ಕದಲುವುದಿಲ್ಲ, ಕದಲುವುದು ಫ್ಯಾನಿನ ವೇಗ. ಹಾಗಾಗಿ ಉಷ್ಣಾಂಶವೊಂದನ್ನೇ, ಅದೂ ಒಂದೇ ಸಲ ಓದಿದರೆ ಏನೂ ತಿಳಿಯುವುದಿಲ್ಲ. ಒಳಬರುವ ಗಾಳಿಯ ಉಷ್ಣಾಂಶ, ಪ್ರೊಸೆಸರಿನ ಉಷ್ಣಾಂಶ, ಪ್ರತಿಯೊಂದು ಫ್ಯಾನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕವಾದ ಆರ್‌ಪಿಎಂ, ಆ ಹೊತ್ತಿಗೆ ಯಂತ್ರದ ಮೇಲಿದ್ದ ಕೆಲಸದ ಹೊರೆ, ಇವು ನಾಲ್ಕೂ ಒಂದೇ ಸಾಲಿನಲ್ಲಿ, ನಿಮಿಷಕ್ಕೊಮ್ಮೆಯಂತೆ ಕನಿಷ್ಠ ಒಂದು ದಿನ ದಾಖಲಾಗಬೇಕು. ‘ಐಪಿಎಂಐಟೂಲ್’ ಎಂಬ ತಂತ್ರಾಂಶದ ಮೂಲಕ ಬಿಎಂಸಿಯನ್ನೇ ಕೇಳಿದರೆ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಹೊರೆ ಬದಲಾಗದೆ ಒಳಗಾಳಿಯ ಉಷ್ಣಾಂಶವೂ ಆರ್‌ಪಿಎಂ ಕೂಡ ಜೊತೆಯಾಗಿ ಏರಿದರೆ ದೋಷ ಕೋಣೆಯಲ್ಲಿದೆ. ಒಳಗಾಳಿ ತಂಪಾಗಿಯೇ ಇದ್ದು ಆರ್‌ಪಿಎಂ ಏರಿದರೆ ಹೀಟ್‌ಸಿಂಕಿನಲ್ಲಿ (ಪ್ರೊಸೆಸರಿನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು) ಕೂತ ಧೂಳನ್ನೋ ಅವೆರಡರ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನೋ ನೋಡಬೇಕು. ಎಲ್ಲ ಅಂಕಿಗಳೂ ಎಂದಿನಂತಿದ್ದು ಕಿರಕಿರ ಸದ್ದು ಮಾತ್ರ ಬರುತ್ತಿದ್ದರೆ ಅದು ಬೇರಿಂಗಿನ ಸವೆತ. ಫ್ಯಾನ್ ಬದಲಿಸುವ ಮಾತು ಒಪ್ಪುವುದು ಅಲ್ಲಿಗೆ.

ವಿಚಿತ್ರವೆಂದರೆ ಉತ್ತರ ನಿಮ್ಮ ಬರಹದಲ್ಲೇ ಇದೆ. ಮೂರನೆಯ ಪುಟದಲ್ಲಿ, ಸದ್ದು ಬೆಳಿಗ್ಗೆ ಹನ್ನೊಂದರ ನಂತರ ಏರುತ್ತದೆಂದೂ ಕರೆಂಟು ಹೋದಾಗ ವಿಪರೀತವಾಗುತ್ತದೆಂದೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಕರೆಂಟು ಹೋದಾಗ ಯುಪಿಎಸ್ ಸರ್ವರನ್ನು ನಡೆಸುತ್ತದೆ. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಎಸಿ ಆ ಯುಪಿಎಸ್ಸಿಗೆ ಸೇರಿರುವುದು ಅಪರೂಪ. ಮುಚ್ಚಿದ ಕೋಣೆಯಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ, ಹೊರಹೋಗುವುದಿಲ್ಲ. ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇ ಸರ್ವರಿನ ಒಳಗಾಳಿಗೆ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ. ಏಪ್ರಿಲ್ ಸೆಕೆಯಲ್ಲಿ ಉಡುಪಿಯ ಹೊರಗಾಳಿಯೇ ಅದನ್ನು ಮೀರಿರುತ್ತದೆ. ಇನ್ನು ನೀವು ಲಗತ್ತಿಸಿದ ಚಿತ್ರ. ಸರ್ವರ್ ಮುಂಭಾಗದಿಂದ ಗಾಳಿ ಎಳೆದು ಹಿಂದಕ್ಕೆ ಬಿಡುವ ಯಂತ್ರ. ಚಿತ್ರದಲ್ಲಿ ಅದರ ಮುಂಭಾಗ ಗೋಡೆಯಿಂದ ಒಂದು ಗೇಣು ದೂರದಲ್ಲಿದೆ, ಕಪಾಟಿನ ಗಾಜಿನ ಬಾಗಿಲು ಮುಚ್ಚಿದೆ, ನಡುವಿನ ಸಂದಿಯಲ್ಲಿ ಹಳೆಯ ಲೆಡ್ಜರುಗಳ ಕಟ್ಟು ಕೂತಿದೆ. ಆ ಚಿತ್ರವು ನಿಮ್ಮ ಆರು ಪುಟಗಳಿಗಿಂತ ಹೆಚ್ಚು ಹೇಳುತ್ತದೆ ಎಂದರೆ ಬೇಸರಿಸಬೇಡಿ.

ಫ್ಯಾನಿನ ವೇಗವನ್ನು ಕೈಯಾರೆ ಶೇಕಡಾ 20ಕ್ಕೆ ಕಟ್ಟಿಹಾಕುವ ಕಮಾಂಡ್ ಇರುವ ಐದನೆಯ ಪುಟವನ್ನು ಪೂರ್ತಿ ಕೈಬಿಡಿ. ಪ್ರೊಸೆಸರ್ ತೀರಾ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಂಡು ಉಳಿದುಕೊಳ್ಳುತ್ತದೆ, ಹಾರ್ಡ್ ಡಿಸ್ಕಿಗೆ ಆ ಅನುಕೂಲವಿಲ್ಲ. ಸಾಮಾನ್ಯ ಡಿಸ್ಕುಗಳ ಮಿತಿ 60 ಡಿಗ್ರಿಯ ಆಸುಪಾಸು. ಸಂಘದ ಸದಸ್ಯರ ಲೆಕ್ಕವೆಲ್ಲ ಇರುವುದು ಅದರಲ್ಲಿ.

ಪೇಟೆಯಿಂದ ಸದ್ದಿಲ್ಲದ ಫ್ಯಾನ್ ತಂದು ಹಾಕಿ ಎಂಬ ಸಲಹೆಯನ್ನು ಓದಿದಾಗ ನನಗೆ ನಗು ಬಂತು, ಏಕೆಂದರೆ ಮಂಗಳೂರಿನಲ್ಲಿ ಮುದ್ರಣಾಲಯವೊಂದರ ಸರ್ವರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನಾನೂ ಅದನ್ನೇ ಮಾಡಿದ್ದೆ. ಹೊಸ ಫ್ಯಾನ್ ಎಷ್ಟು ನಿಧಾನವಾಗಿ ತಿರುಗಿತೆಂದರೆ ಅದರ ಆರ್‌ಪಿಎಂ ಬಿಎಂಸಿಯಲ್ಲಿ ನಿಗದಿಯಾಗಿದ್ದ ಕನಿಷ್ಠ ಮಿತಿಗಿಂತ ಕೆಳಗಿಳಿಯಿತು. ಫ್ಯಾನ್ ಕೆಟ್ಟಿದೆಯೆಂದು ತಿಳಿದ ಬಿಎಂಸಿ ಎಲ್ಲವನ್ನೂ ಪೂರ್ತಿ ವೇಗಕ್ಕೆ ಏರಿಸಿತು, ವೇಗ ಮಿತಿ ದಾಟಿದೊಡನೆ ಸಮಾಧಾನಗೊಂಡು ಇಳಿಸಿತು, ಮತ್ತೆ ಏರಿಸಿತು. ರಾತ್ರಿಯಿಡೀ ಹೀಗೆ ನಡೆದ ಮೇಲೆ ಕಾವಲುಗಾರನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಸದ್ದು ಏಕೆ ಅಷ್ಟು ಕರ್ಕಶ ಎಂಬುದನ್ನು ಓದುಗರಿಗೆ ನೀವು ಹೇಳಿಯೇ ಇಲ್ಲ. ಒಂದು ಯು (ಸರ್ವರಿನ ಎತ್ತರ ಅಳೆಯುವ ಮಾನ) ಎತ್ತರದ ಸರ್ವರ್ 44.45 ಮಿಲಿಮೀಟರ್ ಮಾತ್ರ. ಅದರೊಳಗೆ ಹಿಡಿಯುವುದು 40 ಮಿಲಿಮೀಟರಿನ ಫ್ಯಾನ್. ಅಷ್ಟು ಚಿಕ್ಕ ರೆಕ್ಕೆ ಬೇಕಾದಷ್ಟು ಗಾಳಿ ತಳ್ಳಬೇಕಾದರೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚು, ಫ್ಯಾನ್ ತಿನ್ನುವ ವಿದ್ಯುತ್ತು ಎಂಟು ಪಟ್ಟು. ಒಳಗಾಳಿಯನ್ನು ಕೆಲವೇ ಡಿಗ್ರಿ ತಗ್ಗಿಸಿದರೂ ಕಿವಿಗೆ ಅಷ್ಟೊಂದು ನೆಮ್ಮದಿ ಸಿಗುವುದು ಈ ಲೆಕ್ಕದಿಂದಲೇ.

ಒಂದು ಸೆನ್ಸರ್ 127 ಡಿಗ್ರಿ ತೋರಿಸಿತೆಂದು ಅರ್ಧ ಪುಟ ಗಾಬರಿ ಬರೆದಿದ್ದೀರಿ. ಚಿಪ್ಪಿನಲ್ಲಿ ಜಾಗವಿದ್ದು ತಂತಿ ಸೇರಿಸದೆ ಬಿಟ್ಟ ಸೆನ್ಸರುಗಳು ಇಂಥ ಅರ್ಥವಿಲ್ಲದ ಅಂಕಿಗಳನ್ನು ಕೊಡುತ್ತವೆ. ಹೊರೆ ಏರಿದರೂ ಇಳಿದರೂ ಅಂಕಿ ಕದಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೇಲ್ಮುಚ್ಚಳ ತೆಗೆದಿಟ್ಟರೆ ತಂಪಾಗುತ್ತದೆಂಬ ಮಾತೂ ತಪ್ಪು, ಗಾಳಿಯ ದಾರಿ ಕೆಟ್ಟು ಸದ್ದು ಹೆಚ್ಚಾಗುತ್ತದೆ. ಭಾಷೆಯ ತಿದ್ದುಪಡಿಗಳನ್ನು ಅಂಚಿನಲ್ಲಿ ಗುರುತಿಸಿದ್ದೇನೆ. ‘ಉಷ್ಣಾಂಶ ಮೇಲ್ವಿಚಾರಣೆಯನ್ನು ನಿರ್ವಹಿಸುವುದು’ ಎಂದು ಬರೆಯಬೇಡಿ, ‘ಉಷ್ಣಾಂಶ ನೋಡುತ್ತಿರುವುದು’ ಎಂದರೆ ಸಾಕು.

ಲೆಡ್ಜರುಗಳನ್ನು ಸರಿಸುವ ಮೊದಲು ಒಂದು ದಿನ, ಸರಿಸಿ ಕಪಾಟನ್ನು ತಿರುಗಿಸಿದ ಮೇಲೆ ಒಂದು ದಿನ ಅಂಕಿಗಳನ್ನು ದಾಖಲಿಸಿ, ಆ ಎರಡು ಪಟ್ಟಿಗಳ ಸುತ್ತ ಲೇಖನವನ್ನು ಹೊಸದಾಗಿ ಬರೆಯಿರಿ. ಮೇ ತಿಂಗಳೊಳಗೆ ಈ ಕೆಲಸ ಮುಗಿಯಲಿ. ಜೂನಿನಲ್ಲಿ ಮಳೆ ಹಿಡಿದರೆ ಹೊರಗಾಳಿ ಕೆಲವು ಡಿಗ್ರಿ ಇಳಿಯುತ್ತದೆ, ಫ್ಯಾನ್ ತಾನಾಗಿಯೇ ಸುಮ್ಮನಾಗುತ್ತದೆ, ದೋಷ ಮುಂದಿನ ಬೇಸಗೆಯವರೆಗೆ ಕಾಣಸಿಗುವುದಿಲ್ಲ.

ಇತಿ,
ಸಂಪಾದಕ